ಗಂಟು ಮಾತ್ರ ತೆಗೆಸೋದಾ, ಪೂರ್ತಿ ತೆಗೆಸೋದಾ? ಸ್ತನ ಕ್ಯಾನ್ಸರ್ ಆಪರೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ, ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಸಾಕುವ ಮನೆ. ನನಗೆ 47 ವರ್ಷ ಇದ್ದಾಗ ಎಡಗಡೆ ಮೊಲೆಯಲ್ಲಿ ಗಂಟು ಕಾಣಿಸಿತು. ಗಂಟು ಮಾತ್ರ ತೆಗೆಸಿ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಂಡೆ. ಎರಡು ವರ್ಷ ಕಳೆದು ನನ್ನ ವಾರಗಿತ್ತಿಗೂ ಅದೇ ಕಾಯಿಲೆ ಬಂತು. ಅವಳು ಪೂರ್ತಿ ತೆಗೆಸಿದಳು. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ. ಹಾಗಾಗಿ ಸುತ್ತಲ ಊರುಗಳಲ್ಲಿ ಯಾರಿಗಾದರೂ ಬಯಾಪ್ಸಿ (ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಬಂದರೆ ನಮಗೆ ಫೋನ್ ಬರುತ್ತದೆ. ಚಿಂತಾಮಣಿ, ಬಾಗೇಪಲ್ಲಿ, ಗೌರಿಬಿದನೂರು, ಆ ಕಡೆ ಶ್ರೀನಿವಾಸಪುರದಿಂದಲೂ ಮಾಡುತ್ತಾರೆ. ಕೇಳುವುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳನ್ನು. ನಾನು ಡಾಕ್ಟರ್ ಅಲ್ಲ. ಡಾಕ್ಟರ್‌ಗಳನ್ನು ಬಿಡದೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆದಿದ್ದೇನೆ. ನಿಮ್ಮ ವಿಷಯದಲ್ಲಿ ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಮಾತೇ ದೊಡ್ಡದು.

ಇನ್ನೊಂದು ಮಾತು. ಮೊಲೆ ಅಂತಲೇ ಬರೆಯುತ್ತೇನೆ. ಬಾಯಿಬಿಟ್ಟು ಹೇಳಲು ನಾಚಿಕೆಪಟ್ಟು ನಮ್ಮಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ನಾನೂ ಎರಡು ತಿಂಗಳು ಸುಮ್ಮನಿದ್ದೆ.

ಎರಡು ಆಪರೇಷನ್‌ಗೂ ಏನು ವ್ಯತ್ಯಾಸ?

ಲಂಪೆಕ್ಟಮಿ ಅಂದರೆ ಗಂಟನ್ನೂ ಅದರ ಸುತ್ತ ಸ್ವಲ್ಪ ಒಳ್ಳೆಯ ಭಾಗವನ್ನೂ ತೆಗೆಯುವುದು. ಮೊಲೆ ಉಳಿಯುತ್ತದೆ. ಮಾಸ್ಟೆಕ್ಟಮಿ ಅಂದರೆ ಇಡೀ ಮೊಲೆ ತೆಗೆಯುವುದು. ಎರಡರಲ್ಲೂ ಕಂಕುಳಿನ ಗ್ರಂಥಿಗಳನ್ನು ಪರೀಕ್ಷೆ ಮಾಡುತ್ತಾರೆ. ಲಂಪೆಕ್ಟಮಿ ಮಾಡಿಸಿಕೊಂಡವರಿಗೆ ಸಾಮಾನ್ಯವಾಗಿ ಆಮೇಲೆ ರೇಡಿಯೇಷನ್ ಇರುತ್ತದೆ. ನಮ್ಮ ಕಡೆ ಅದನ್ನೇ ಕರೆಂಟ್ ಕೊಡುವುದು ಅನ್ನುತ್ತಾರೆ.

ಪೂರ್ತಿ ತೆಗೆಸಿದರೆ ಜಾಸ್ತಿ ವರ್ಷ ಬದುಕಬಹುದು ಅಲ್ವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನಾನೂ ಇದನ್ನೇ ಕೇಳಿದ್ದೆ. ಬೇರು ಸಮೇತ ಕಿತ್ತರೆ ಕಳೆ ಮತ್ತೆ ಬರುವುದಿಲ್ಲ ಅಂತ ಹೊಲದಲ್ಲಿ ಕೆಲಸ ಮಾಡಿದವರಿಗೆ ಅನ್ನಿಸುವುದು ಸಹಜ.

ಆದರೆ ಇದನ್ನು ಜಗತ್ತಿನಲ್ಲಿ ಚೆನ್ನಾಗಿ ಪರೀಕ್ಷೆ ಮಾಡಿ ನೋಡಿದ್ದಾರೆ. 1973ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ ಅನ್ನುವ ಸರ್ಜನ್ ತಂಡ 701 ಹೆಂಗಸರನ್ನು ಸೇರಿಸಿಕೊಂಡು ಒಂದು ಅಧ್ಯಯನ ಶುರುಮಾಡಿತು. ಎಲ್ಲರ ಗಂಟೂ 2 ಸೆಂಟಿಮೀಟರ್ ಒಳಗಿನದು. ಅರ್ಧ ಜನಕ್ಕೆ ಇಡೀ ಮೊಲೆ ತೆಗೆದರು. ಉಳಿದವರಿಗೆ ಗಂಟಿದ್ದ ಭಾಗ ತೆಗೆದು ಕರೆಂಟ್ ಕೊಟ್ಟರು. 1976ರಲ್ಲಿ ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ತಂಡ ಇನ್ನೂ ದೊಡ್ಡದಾಗಿ ಇದೇ ಕೆಲಸ ಮಾಡಿತು. ಅಲ್ಲಿ 4 ಸೆಂಟಿಮೀಟರ್‌ವರೆಗಿನ ಗಂಟಿನವರೂ ಇದ್ದರು. 20 ವರ್ಷ ಅವರನ್ನೆಲ್ಲ ಗಮನಿಸಿ 2002ರಲ್ಲಿ ಎರಡು ತಂಡದವರೂ ಫಲಿತಾಂಶ ಹೇಳಿದರು. ಬದುಕಿದ ವರ್ಷಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇರಲಿಲ್ಲ.

ಯಾಕೆ ಹೀಗೆ ಅಂದರೆ, ಪ್ರಾಣಕ್ಕೆ ಅಪಾಯ ತರುವುದು ಮೊಲೆಯಲ್ಲಿರುವ ಗಂಟಲ್ಲ. ಅಲ್ಲಿಂದ ರಕ್ತದಲ್ಲಿ ಹೊರಟು ಮೂಳೆಗೋ ಶ್ವಾಸಕೋಶಕ್ಕೋ ಲಿವರಿಗೋ ಹೋಗಿ ಕೂತ ಕಣಗಳು. ಅವುಗಳಿಗೆ ಕೀಮೋ, ಹಾರ್ಮೋನ್ ಮಾತ್ರೆ, ಇಂಜೆಕ್ಷನ್ ಬೇಕು. ಮೊಲೆಯನ್ನು ಎಷ್ಟು ತೆಗೆದರೂ ಅವು ಕೈಗೆ ಸಿಗುವುದಿಲ್ಲ. ನನಗೆ ಇದು ಅರ್ಥವಾದ ದಿನ ಅರ್ಧ ಭಯ ಇಳಿಯಿತು.

ಹಾಗಾದರೆ ಉಳಿಸಿಕೊಂಡ ಮೊಲೆಯಲ್ಲಿ ಮತ್ತೆ ಬರಲ್ವಾ?

ಬರಬಹುದು. ಆ ಅಮೆರಿಕದ ಅಧ್ಯಯನದಲ್ಲಿ ಗಂಟು ತೆಗೆಸಿ ಕರೆಂಟ್ ಕೊಡಿಸಿಕೊಂಡ 100 ಜನರಲ್ಲಿ 14 ಜನಕ್ಕೆ 20 ವರ್ಷದೊಳಗೆ ಅದೇ ಮೊಲೆಯಲ್ಲಿ ಮತ್ತೆ ಬಂತು. ಗಂಟು ತೆಗೆಸಿ ಕರೆಂಟ್ ಕೊಡಿಸಿಕೊಳ್ಳದ ಇನ್ನೊಂದು ಗುಂಪಿನ 100 ಜನರಲ್ಲಿ 39 ಜನಕ್ಕೆ ಬಂತು. ಕರೆಂಟ್ ಯಾಕೆ ಬಿಡಬಾರದು ಅಂತ ಈ ಎರಡು ಸಂಖ್ಯೆ ನೋಡಿದರೆ ಗೊತ್ತಾಗುತ್ತದೆ. ಅವು ಹಳೆಯ ಕಾಲದ ಲೆಕ್ಕ. ಈಗಿನ ಔಷಧಿಗಳಿಂದ ಇನ್ನೂ ಕಡಿಮೆಯಾಗಿದೆ. ಮತ್ತೆ ಬಂದರೆ ಆಗ ಪೂರ್ತಿ ತೆಗೆಯುವ ದಾರಿ ಇದ್ದೇ ಇರುತ್ತದೆ.

ಪೂರ್ತಿ ತೆಗೆಸಿದವರಿಗೂ ಸೊನ್ನೆ ಅಲ್ಲ. ಹೊಲಿಗೆ ಹಾಕಿದ ಜಾಗದಲ್ಲಿ, ಎದೆಯ ಚರ್ಮದಲ್ಲಿ, ಕಂಕುಳಲ್ಲಿ ಬರಬಹುದು. ಆ ಜಾಗವನ್ನೂ ಸ್ನಾನದ ಹೊತ್ತಲ್ಲಿ ಕೈಯಾಡಿಸಿ ನೋಡಿಕೊಳ್ಳುತ್ತಿರಬೇಕು.

ಗಂಟು ಮಾತ್ರ ತೆಗೆಯೋದು ಯಾರಿಗೆ ಆಗಲ್ಲ?

ಒಂದೇ ಮೊಲೆಯಲ್ಲಿ ದೂರ ದೂರ ಎರಡು ಮೂರು ಕಡೆ ಗಂಟಿದ್ದರೆ, ಮ್ಯಾಮೊಗ್ರಾಂನಲ್ಲಿ (ಮೊಲೆಯ ಎಕ್ಸರೇ) ಸುಣ್ಣದ ಚುಕ್ಕಿಗಳು ಇಡೀ ಮೊಲೆಯಲ್ಲಿ ಹರಡಿದ್ದರೆ, ಮೊದಲೇ ಆ ಜಾಗಕ್ಕೆ ಕರೆಂಟ್ ಕೊಟ್ಟಿದ್ದರೆ ಸಾಮಾನ್ಯವಾಗಿ ಪೂರ್ತಿ ತೆಗೆಯಲು ಹೇಳುತ್ತಾರೆ. ಮೊಲೆ ಇಡೀ ಕೆಂಪಾಗಿ ಊದಿ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ ಆಗುವ ಒಂದು ಬಗೆ ಇದೆ. ಅದಕ್ಕೆ ಮೊದಲು ಕೀಮೋ, ಆಮೇಲೆ ಮಾಸ್ಟೆಕ್ಟಮಿ. ಗರ್ಭಿಣಿಯರಿಗೆ ಹೆರಿಗೆ ಆಗುವವರೆಗೆ ಕರೆಂಟ್ ಕೊಡುವ ಹಾಗಿಲ್ಲ, ಹಾಗಾಗಿ ಎಷ್ಟನೇ ತಿಂಗಳು ಅನ್ನುವುದರ ಮೇಲೆ ತೀರ್ಮಾನ.

ಗಂಟು ಎಷ್ಟು ದೊಡ್ಡದು ಅನ್ನುವುದಷ್ಟೇ ಅಲ್ಲ, ಮೊಲೆಗೆ ಹೋಲಿಸಿದರೆ ಎಷ್ಟು ಅನ್ನುವುದೂ ಮುಖ್ಯ. 3 ಸೆಂಟಿಮೀಟರ್ ಗಂಟು ಒಬ್ಬರಿಗೆ ಸುಲಭ, ಸಣ್ಣ ಮೈಯವರಿಗೆ ಕಷ್ಟ. ಗಂಟು ದೊಡ್ಡದಿದ್ದರೆ ಮೊದಲು ಕೀಮೋ ಕೊಟ್ಟು ಕರಗಿಸಿ, ಆಮೇಲೆ ಚಿಕ್ಕ ಆಪರೇಷನ್ ಮಾಡಬಹುದು. ಹಾಗೆ ಮಾಡುವಾಗ ಗಂಟಿನ ಜಾಗದಲ್ಲಿ ಒಂದು ಪುಟ್ಟ ಕ್ಲಿಪ್ ಇಡುತ್ತಾರೆ. ಗಂಟು ಪೂರ್ತಿ ಕರಗಿಹೋದರೆ ಎಲ್ಲಿತ್ತು ಅಂತ ಆಮೇಲೆ ಗೊತ್ತಾಗಬೇಕಲ್ಲ. ಕೀಮೋ ಶುರುವಾಗುವ ಮುಂಚೆ ಆ ಕ್ಲಿಪ್ ಬಗ್ಗೆ ನೀವೇ ಕೇಳಿ.

ಪೂರ್ತಿ ತೆಗೆಸಿದರೆ ಕರೆಂಟ್, ಕೀಮೋ ಎರಡೂ ತಪ್ಪುತ್ತಾ?

ಪೂರ್ತಿ ತೆಗೆಸಿದ ಮಾತ್ರಕ್ಕೆ ಕೀಮೋ ತಪ್ಪುವುದಿಲ್ಲ. ಅದು ಬೇಕೋ ಬೇಡವೋ ಅನ್ನುವುದು ಗಂಟಿನ ಜಾತಿಯ ಮೇಲೆ, ಅದು ಕಂಕುಳಿಗೆ ಹೋಗಿದೆಯೋ ಇಲ್ಲವೋ ಅನ್ನುವುದರ ಮೇಲೆ. ಬಯಾಪ್ಸಿ ರಿಪೋರ್ಟ್‌ನಲ್ಲಿ ಇಆರ್, ಪಿಆರ್, ಹರ್2 ಅಂತ ಮೂರು ಸಾಲು ಇರುತ್ತದೆ. ಮೊದಲ ಎರಡು ಗಂಟು ಹಾರ್ಮೋನಿಗೆ ಸ್ಪಂದಿಸುತ್ತದೆಯಾ ಅಂತ, ಮೂರನೆಯದು ಹರ್2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯಾ ಅಂತ ಹೇಳುತ್ತದೆ. ಅದು ಬಂದಿದೆಯಾ ನೋಡಿಕೊಳ್ಳಿ. ಎಷ್ಟು ಕೊಯ್ದರು ಅನ್ನುವುದಕ್ಕೂ ಕೀಮೋಗೂ ಸಂಬಂಧ ಇಲ್ಲ.

ಕರೆಂಟ್ ವಿಷಯ ಮನಸ್ಸಿಟ್ಟು ಓದಿ. ಇದರಲ್ಲೇ ನನ್ನ ವಾರಗಿತ್ತಿಗೆ ಅನ್ಯಾಯ ಆಗಿದ್ದು.

ಅವಳ ಗಂಟು ಗೊತ್ತಾದಾಗ ಮನೆಯಲ್ಲಿ ರೇಷ್ಮೆ ಹುಳ ಎರಡನೇ ಜ್ವರದಲ್ಲಿತ್ತು (ಹುಳ ಪೊರೆ ಬಿಡುವುದನ್ನು ಜ್ವರ ಅನ್ನುತ್ತೇವೆ). ನಾಲ್ಕನೇ ಜ್ವರ ಎದ್ದ ಮೇಲೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಒಂದು ದಿನ ತಪ್ಪಿದರೂ ಬೆಳೆ ಹೋಯಿತು. ಅವಳು ಲೆಕ್ಕ ಹಾಕಿದಳು. ಕರೆಂಟಿಗೆ ಅಂತ ಮೂರು ವಾರ ದಿನಾ ಬೆಂಗಳೂರಿಗೆ ಓಡಾಡಿದರೆ ಹೆಚ್ಚುಕಮ್ಮಿ ಒಂದು ಬೆಳೆ ಕೈಬಿಟ್ಟ ಹಾಗೆ. "ಅಕ್ಕಾ, ತೆಗೆಸಿಬಿಡ್ತೀನಿ, ಒಂದೇ ಸಲಕ್ಕೆ ಮುಗೀತದೆ" ಅಂದಳು. ಅವಳು ಹೋಗಿದ್ದ ಆಸ್ಪತ್ರೆಯಲ್ಲೂ ಹೂಂ ಅಂದರು. ಆಪರೇಷನ್ ಆಗಿ ಹತ್ತು ದಿನಕ್ಕೆ ರಿಪೋರ್ಟ್ ಬಂತು. ಕಂಕುಳಿನ ಐದು ಗ್ರಂಥಿಗಳಲ್ಲಿ ಕ್ಯಾನ್ಸರ್ ಇತ್ತು. ಕರೆಂಟ್ ಕೊಡಲೇಬೇಕು ಅಂದರು. ಅವಳು ಆ ದಿನ ಅತ್ತ ಹಾಗೆ ಮೊಲೆ ತೆಗೆದ ದಿನವೂ ಅತ್ತಿರಲಿಲ್ಲ.

ಹೀಗೂ ಆಗಬಹುದು ಅಂತ ಮುಂಚೆಯೇ ಒಂದು ಮಾತು ಹೇಳಿದ್ದರೆ ಅವಳು ಬೇರೆ ತೀರ್ಮಾನ ಮಾಡುತ್ತಿದ್ದಳೋ ಏನೋ. ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಕಂಕುಳಿನ ನಾಲ್ಕು ಅಥವಾ ಜಾಸ್ತಿ ಗ್ರಂಥಿಗೆ ಹರಡಿದ್ದರೆ ಪೂರ್ತಿ ತೆಗೆದ ಮೇಲೂ ಕರೆಂಟ್ ಬೇಕು. ಒಂದರಿಂದ ಮೂರು ಗ್ರಂಥಿ ಇದ್ದರೂ ಎಷ್ಟೋ ಸಲ ಹೇಳುತ್ತಾರೆ. ಕರೆಂಟ್ ತಪ್ಪಿಸಿಕೊಳ್ಳಬೇಕು ಅನ್ನುವ ಒಂದೇ ಕಾರಣಕ್ಕೆ ಮೊಲೆ ತೆಗೆಸಲು ಹೊರಟಿದ್ದರೆ, "ಆಮೇಲೂ ಕರೆಂಟ್ ಬೇಕಾಗುವ ಸಾಧ್ಯತೆ ನನಗೆ ಎಷ್ಟಿದೆ?" ಅಂತ ಸಹಿ ಹಾಕುವ ಮುಂಚೆ ಕೇಳಿ.

ಕರೆಂಟ್ ಎಷ್ಟು ದಿನ? ಊರಿಂದ ಹೋಗಿ ಬರಬಹುದಾ?

ಮೊದಲೆಲ್ಲ 5 ವಾರ, 25 ಸಲ ಕೊಡುತ್ತಿದ್ದರು. ಈಗ ಹೆಚ್ಚಿನವರಿಗೆ 3 ವಾರ, 15 ಸಲ. ಕೆಲವರಿಗೆ ಗಂಟಿದ್ದ ಜಾಗಕ್ಕೆ ಇನ್ನೂ ಕೆಲವು ಸಲ ಸೇರಿಸುತ್ತಾರೆ. ಬ್ರಿಟನ್ನಿನಲ್ಲಿ ಒಂದೇ ವಾರದಲ್ಲಿ 5 ಸಲ ಕೊಟ್ಟು ನೋಡಿ, ಅದೂ ಸರಿಹೋಗುತ್ತದೆ ಅಂತ 2020ರಲ್ಲಿ ಹೇಳಿದ್ದಾರೆ. ನಮ್ಮ ಕಡೆಯವರಿಗೆ ಇದು ಬಹಳ ದೊಡ್ಡ ವಿಷಯ. "ನನಗೆ 5 ಸಲದ್ದು ಆಗುತ್ತಾ?" ಅಂತ ರೇಡಿಯೇಷನ್ ಡಾಕ್ಟರ್ ಹತ್ತಿರ ಕೇಳಿ.

70 ವರ್ಷ ದಾಟಿದವರಿಗೆ, ಗಂಟು 2 ಸೆಂಟಿಮೀಟರ್ ಒಳಗಿದ್ದು, ಹಾರ್ಮೋನ್‌ಗೆ ಸ್ಪಂದಿಸುವ ಜಾತಿಯದಾಗಿ, ಕಂಕುಳಿಗೆ ಹೋಗಿರದಿದ್ದರೆ ಕರೆಂಟ್ ಬಿಟ್ಟು ಮಾತ್ರೆಯಲ್ಲೇ ಮುಂದುವರಿಸುವುದೂ ಉಂಟು. ಆ ಮಾತ್ರೆಯನ್ನು 5 ವರ್ಷ ತಪ್ಪದೆ ನುಂಗಬೇಕು.

ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ. ನೋವಿಲ್ಲ, ಬಿಸಿಯೂ ಗೊತ್ತಾಗುವುದಿಲ್ಲ. ಎಡಗಡೆಯಾದ್ದರಿಂದ ಹೃದಯಕ್ಕೆ ತಾಗದಿರಲಿ ಅಂತ ನನಗೆ ಉಸಿರು ಎಳೆದು ಹಿಡಿದುಕೊಳ್ಳಲು ಹೇಳಿದ್ದರು. ಎರಡನೇ ವಾರದಿಂದ ಚರ್ಮ ಬಿಸಿಲಲ್ಲಿ ಸುಟ್ಟ ಹಾಗೆ ಕಪ್ಪಾಯಿತು. ಸುಸ್ತು ಜಾಸ್ತಿ. ಮೈಮೇಲೆ ಹಾಕಿದ ಗುರುತು ಅಳಿಸಬಾರದು. ಅರಿಶಿನ, ಎಣ್ಣೆ, ಪೌಡರ್ ಏನೇ ಹಚ್ಚುವುದಿದ್ದರೂ ಕೇಳಿ ಹಚ್ಚಿ. ಸಡಿಲವಾದ ಹತ್ತಿ ಬ್ಲೌಸ್ ಹಾಕಿ.

ಓಡಾಟ ನಿಜಕ್ಕೂ ಕಷ್ಟ. ಚಿಕ್ಕಬಳ್ಳಾಪುರದಿಂದ ಬೆಂಗಳೂರು 60 ಕಿಲೋಮೀಟರ್ ಆಸುಪಾಸು, ಕೋಲಾರ, ತುಮಕೂರಿನಿಂದ 70ರ ಹತ್ತಿರ. ಹಳ್ಳಿಯಿಂದ ಪಟ್ಟಣಕ್ಕೆ ಬರುವುದೇ ಇನ್ನೊಂದು ಪ್ರಯಾಣ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್‌ನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಆಧಾರ್ ಕಾರ್ಡ್ ಇಟ್ಟುಕೊಂಡು ಜೊತೆಗೆ ತಂಗಿಯನ್ನೋ ಮಗಳನ್ನೋ ಕರೆದುಕೊಂಡು ಹೋಗಿ. ನಮ್ಮ ಕಡೆ ಜಾಸ್ತಿ ಇರುವ ಖಾಸಗಿ ಬಸ್‌ಗೆ ಇದು ನಡೆಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ದೂರದಿಂದ ಬರುವವರಿಗೆ ಧರ್ಮಶಾಲೆ ಇದೆ. ಮೊದಲೇ ವಿಚಾರಿಸಿ. ದಿನ ಬಿಟ್ಟು ದಿನ ಹೋಗುತ್ತೇನೆ ಅನ್ನುವ ಹಾಗಿಲ್ಲ. ಶುರುಮಾಡಿದ ಮೇಲೆ ನಡುವೆ ಬಿಡಬಾರದು. ಅದಕ್ಕೇ ಯಾರು ಜೊತೆ ಬರುತ್ತಾರೆ, ಎಲ್ಲಿ ಉಳಿಯುವುದು ಅನ್ನುವುದು ಆಪರೇಷನ್ ತೀರ್ಮಾನದ ಮುಂಚೆಯೇ ಮನೆಯಲ್ಲಿ ಮಾತಾಡಿ ಆಗಬೇಕು.

ಕರೆಂಟ್ ಕೊಡಿಸಿಕೊಂಡು ಬಂದ ಮೇಲೆ ಮಕ್ಕಳನ್ನ ಎತ್ತಿಕೊಳ್ಳಬಹುದಾ?

ಧಾರಾಳವಾಗಿ. ಹೊರಗಿನ ಮೆಷಿನ್‌ನಿಂದ ಕೊಟ್ಟ ಕರೆಂಟ್ ಮೈಯಲ್ಲಿ ಉಳಿಯುವುದಿಲ್ಲ. ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಸೂಜಿ ಚುಚ್ಚಿದರೆ ಹರಡುತ್ತೆ ಅಂತಾರಲ್ಲ?

ಇಲ್ಲ. ದಯವಿಟ್ಟು ಈ ಮಾತಿಗೆ ಹೆದರಬೇಡಿ. ಬಯಾಪ್ಸಿ ಇಲ್ಲದೆ "ಸಣ್ಣ ಗಂಟು, ಕೊಯ್ದು ತೆಗೆದುಬಿಡೋಣ" ಅನ್ನುವವರ ಕೈಗೆ ಸಿಕ್ಕಬೇಡಿ. ಮೊದಲು ಸೂಜಿಯಿಂದ ಚೂರು ತೆಗೆದು ಪರೀಕ್ಷೆ, ಆಮೇಲೆ ಆಪರೇಷನ್. ಕುರುಡಾಗಿ ಕೊಯ್ದು ಬಂದವರಿಗೆ ಮತ್ತೆ ಆಪರೇಷನ್ ಆಗಿದ್ದನ್ನು ನೋಡಿದ್ದೇನೆ. ಆಪರೇಷನ್‌ನಲ್ಲಿ ಗಾಳಿ ತಾಗಿ ಹರಡುತ್ತದೆ ಅನ್ನುವುದೂ ಸುಳ್ಳೇ.

ಯೋಚನೆ ಮಾಡುತ್ತಾ ಕೂತರೆ ತಡ ಆಗಲ್ವಾ?

ಒಂದೆರಡು ವಾರ ತೆಗೆದುಕೊಳ್ಳಿ. ಗಂಟು ಕೈಗೆ ಸಿಗುವಷ್ಟಾಗುವುದರೊಳಗೆ ಸಾಮಾನ್ಯವಾಗಿ ವರ್ಷಗಳೇ ಕಳೆದಿರುತ್ತವೆ. ಇನ್ನೊಬ್ಬ ಡಾಕ್ಟರ್‌ಗೆ ತೋರಿಸಲು, ಮನೆಯಲ್ಲಿ ಮಾತಾಡಲು ಅಷ್ಟು ಸಮಯ ಇದೆ. ಆದರೆ ಬೆಳೆ ಮುಗಿಯಲಿ, ಮಗಳ ಮದುವೆ ಆಗಲಿ, ನಾಟಿ ಔಷಧಿ ಮೂರು ತಿಂಗಳು ನೋಡೋಣ ಅಂತ ತಳ್ಳಬೇಡಿ. ಕೈಜೋಡಿಸಿ ಕೇಳುತ್ತೇನೆ.

"ಈ ವಯಸ್ಸಿಗೆ ಅದು ಯಾಕೆ ಬೇಕು, ತೆಗೆಸಿಬಿಡಿ" ಅಂತಾರೆ. ಏನು ಹೇಳಲಿ?

ನನಗೂ ಒಂದು ನರ್ಸಿಂಗ್ ಹೋಮಿನಲ್ಲಿ ಹೀಗೇ ಅಂದರು. "ಮಕ್ಕಳು ದೊಡ್ಡವರಾದರು ಅಲ್ವಾ ಅಮ್ಮ, ಇನ್ನೇನು?" ನನ್ನ ಮುಖ ನೋಡದೆ ನನ್ನ ಯಜಮಾನರ ಮುಖ ನೋಡಿ ಹೇಳಿದರು. ಇವರು ತಲೆ ತಗ್ಗಿಸಿ ಕೂತಿದ್ದರು. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುವಾಗ "ನಿನಗೆ ಏನನ್ನಿಸುತ್ತದೋ ಅದೇ ಆಗಲಿ" ಅಂದರು. ಆವತ್ತೇ ಬೇರೆ ಡಾಕ್ಟರ್‌ಗೆ ತೋರಿಸುವುದು ಅಂತ ತೀರ್ಮಾನ ಆಯಿತು.

ಮಗುವಿಗೆ ಹಾಲು ಕೊಡುವುದಕ್ಕೆ ಮಾತ್ರ ಮೊಲೆ ಇರುವುದಲ್ಲ. ಅದು ನಮ್ಮ ಮೈ. 35 ಆಗಲಿ 65 ಆಗಲಿ, ಉಳಿಸಿಕೊಳ್ಳಬೇಕು ಅನ್ನಿಸಿದರೆ ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಒಪ್ಪಿಗೆ ಪತ್ರಕ್ಕೆ ನಿಮ್ಮ ಸಹಿ ಬೇಕು. ಗಂಡ, ಭಾವ, ಮಗ ಮಾತಾಡಿಕೊಂಡು ಬಂದರೆ ಅದು ಒಪ್ಪಿಗೆ ಅಲ್ಲ.

ಹಾಗೇ ಇದರ ಇನ್ನೊಂದು ಕಡೆಯೂ ಇದೆ. ಎಲ್ಲ ತಿಳಿದುಕೊಂಡ ಮೇಲೂ "ನನಗೆ ಅದು ಮೈಮೇಲೆ ಇದ್ದರೆ ನಿದ್ದೆ ಬರಲ್ಲ, ತೆಗೆಸಿಬಿಡ್ತೀನಿ" ಅನ್ನುವವರು ಇದ್ದಾರೆ. ಅವರ ಹತ್ತಿರ ನಾನು ವಾದ ಮಾಡುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಎರಡೂ ಸಾಧ್ಯ ಇದ್ದು, ಕರೆಂಟ್‌ಗೆ ಹೋಗಿಬರುವ ವ್ಯವಸ್ಥೆ ಆಗುವುದಾದರೆ, ಬರೀ ಭಯಕ್ಕೆ ತೆಗೆಸಬೇಡಿ ಅನ್ನುತ್ತೇನೆ.

ಇನ್ನೊಂದು ಕಡೆಗೂ ಬರಬಹುದು ಅಂತ ಎರಡೂ ತೆಗೆಸಿಬಿಡಲಾ?

ಸಾಮಾನ್ಯವಾಗಿ ಬೇಡ. ಇದರಿಂದ ಹೆಚ್ಚಿನವರ ಆಯಸ್ಸು ಜಾಸ್ತಿ ಆಗುವುದಿಲ್ಲ. ಮನೆತನದಲ್ಲಿ ಅಮ್ಮ, ಅಕ್ಕತಂಗಿ, ಚಿಕ್ಕಮ್ಮಂದಿರಿಗೆ ಮೊಲೆಯ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ನಿಮಗೇ ತೀರಾ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ ಬಿಆರ್‌ಸಿಎ ಅನ್ನುವ ಜೀನ್ ಪರೀಕ್ಷೆ ಬಗ್ಗೆ ಕೇಳಿ. ಅದರಲ್ಲಿ ದೋಷ ಕಂಡರೆ ಮಾತು ಬೇರೆ. ನನಗೂ ವಾರಗಿತ್ತಿಗೂ ಬಂದಿದ್ದನ್ನು ನೋಡಿ ಊರಲ್ಲಿ ಮನೆತನದ ಕಾಯಿಲೆ ಅಂದರು. ನಾವಿಬ್ಬರೂ ಬೇರೆ ಬೇರೆ ಮನೆಯ ಹೆಣ್ಣುಮಕ್ಕಳು. ರಕ್ತಸಂಬಂಧವೇ ಇಲ್ಲ.

ಆಪರೇಷನ್ ಆದ ಮೇಲೆ ಮನೆಯಲ್ಲಿ ಹೇಗಿರುತ್ತೆ?

ಲಂಪೆಕ್ಟಮಿ ಆದ ನಾನು ಎರಡನೇ ದಿನ ಮನೆಯಲ್ಲಿದ್ದೆ. ಒಂದು ಎಚ್ಚರಿಕೆ ಮಾತ್ರ. ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕಣ ಸಿಕ್ಕರೆ ಮತ್ತೆ ಸ್ವಲ್ಪ ತೆಗೆಯಬೇಕಾಗುತ್ತದೆ. ಕೆಲವರಿಗೆ ಹೀಗೆ ಎರಡನೇ ಸಲ ಆಗುತ್ತದೆ. ಮೊದಲೇ ಗೊತ್ತಿದ್ದರೆ ಎದೆ ಒಡೆಯುವುದಿಲ್ಲ.

ವಾರಗಿತ್ತಿ ಮನೆಗೆ ಬಂದಿದ್ದು ಪಕ್ಕೆಯಿಂದ ಒಂದು ಟ್ಯೂಬು, ಅದರ ತುದಿಗೆ ಒಂದು ಡಬ್ಬಿ ಇಟ್ಟುಕೊಂಡು. ಒಳಗೆ ಸೇರುವ ನೀರು ಅದರಲ್ಲಿ ಇಳಿಯುತ್ತದೆ. ಮೊದಲು ಕೆಂಪು, ಆಮೇಲೆ ತಿಳಿ ಹಳದಿ. ನಾನು ಮಗಳ ಹಳೆಯ ಲಂಗದಲ್ಲಿ ಒಂದು ಚೀಲ ಹೊಲಿದು ಅವಳ ಕೊರಳಿಗೆ ಹಾಕಿದೆ, ಡಬ್ಬಿ ಅದರೊಳಗೆ ಕೂರುತ್ತಿತ್ತು. ದಿನಾ ಬೆಳಿಗ್ಗೆ ಅಳೆದು, ಹಾಲಿನ ಡೇರಿಯ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದಳು. 110, 80, 65, 40, 25, 20. ಎರಡು ದಿನ 30 ಮಿಲಿಲೀಟರ್‌ಗಿಂತ ಕಮ್ಮಿ ಬಂದ ಮೇಲೆ ಟ್ಯೂಬ್ ತೆಗೆದರು. ಆ ಹಾಳೆ ಇನ್ನೂ ಹಾಗೇ ಇದೆ. ಜ್ವರ ಬಂದರೆ, ಗಾಯ ಕೆಂಪಾಗಿ ಊದಿದರೆ, ಕೀವು ಕಂಡರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮತ್ತೆ ಹಾಲು ಕರೆಯಬಹುದಾ? ಹೊರೆ ಹೊರಬಹುದಾ?

ಇದು ಮೊಲೆಗಿಂತ ಕಂಕುಳಿನ ಆಪರೇಷನ್‌ಗೆ ಸಂಬಂಧಪಟ್ಟದ್ದು. ಮೊದಲ ಒಂದೆರಡು ಗ್ರಂಥಿಯನ್ನು ಮಾತ್ರ ಬಣ್ಣ ಹಾಕಿ ಗುರುತಿಸಿ ತೆಗೆದರೆ ಅದು ಸೆಂಟಿನೆಲ್ ನೋಡ್ ಪರೀಕ್ಷೆ. ಕೈ ಊದುವ ಭಯ ಕಡಿಮೆ. ಎಲ್ಲ ಗ್ರಂಥಿ ತೆಗೆದರೆ ಊತ ಬರುವ ಸಾಧ್ಯತೆ ಜಾಸ್ತಿ. ನಿಮಗೆ ಯಾವುದು ಮಾಡುತ್ತಾರೆ ಅಂತ ಕೇಳಿ. ದುಡಿಯುವ ಕೈಯವರು ಇದನ್ನು ಮೊಲೆಯ ಪ್ರಶ್ನೆಯಷ್ಟೇ ಗಟ್ಟಿಯಾಗಿ ಕೇಳಬೇಕು.

ಕೈಯನ್ನು ಸುಮ್ಮನೆ ಮಡಿಲಲ್ಲಿಟ್ಟು ಕೂರಬೇಡಿ, ಭುಜ ಹಿಡಿದುಕೊಳ್ಳುತ್ತದೆ. ಗೋಡೆಗೆ ಬೆರಳಿಟ್ಟು ಮೆಲ್ಲಗೆ ಮೇಲೆ ಹತ್ತಿಸುವ ವ್ಯಾಯಾಮ ಹೇಳಿಕೊಡುತ್ತಾರೆ. ವಾರಗಿತ್ತಿ ಸೀಮೆಸುಣ್ಣದಲ್ಲಿ ದಿನಾ ಒಂದು ಗೆರೆ ಎಳೆಯುತ್ತಿದ್ದಳು. ಹಾಲು ಕರೆಯುವುದು, ಸೊಪ್ಪು ಕೊಯ್ಯುವುದು ಗಾಯ ಮಾಗಿದ ಮೇಲೆ ಡಾಕ್ಟರ್ ಕೇಳಿ ಸ್ವಲ್ಪ ಸ್ವಲ್ಪವೇ ಶುರುಮಾಡಿ. ಹುಲ್ಲಿನ ಹೊರೆಯನ್ನು ಒಂದೇ ಸಲ ಹೊರಬೇಡಿ. ಆ ಕೈಗೆ ಕುಡುಗೋಲು ತಾಗಿದರೆ, ಮುಳ್ಳು ಚುಚ್ಚಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ, ಕೆಂಪಾದರೆ ಅವತ್ತೇ ತೋರಿಸಿ. ಬಳೆ ಬಿಗಿಯಾಗುತ್ತಿದೆ ಅನ್ನಿಸಿದರೆ ಅದೇ ಊತದ ಮೊದಲ ಗುರುತು ಇರಬಹುದು.

ಪೂರ್ತಿ ತೆಗೆಸಿದರೆ ಬ್ಲೌಸ್ ಹೇಗೆ ಕೂರುತ್ತೆ?

ಬ್ಲೌಸಿನೊಳಗೆ ಇಟ್ಟುಕೊಳ್ಳುವ ಕೃತಕ ಮೊಲೆ ಸಿಲಿಕೋನ್‌ನದು ಸಿಗುತ್ತದೆ, ಹತ್ತಿ ದಾರದಲ್ಲಿ ಹೆಣೆದದ್ದೂ ಇದೆ. ವಾರಗಿತ್ತಿಯದು ಮನೆಯದೇ. ಗಾಯ ಪೂರ್ತಿ ಮಾಗಿದ ಮೇಲೆ ಮೆತ್ತನೆ ಬಟ್ಟೆಯ ಪುಟ್ಟ ಚೀಲಕ್ಕೆ ಸಾಸಿವೆ ತುಂಬಿ ಹೊಲಿದೆವು. ಬರೀ ಹತ್ತಿ ತುಂಬಿದರೆ ಹಗುರ, ಮೇಲೆ ಏರಿಬಿಡುತ್ತದೆ. ಸಾಸಿವೆಗೆ ತೂಕ ಇರುತ್ತದೆ. ಹೊಟ್ಟೆಯ ಅಥವಾ ಬೆನ್ನಿನ ಮಾಂಸದಿಂದ, ಇಲ್ಲವೇ ಇಂಪ್ಲಾಂಟ್ ಇಟ್ಟು ಹೊಸ ಮೊಲೆ ಮಾಡುವ ಆಪರೇಷನ್ ಕೂಡ ಇದೆ. ಬೇಕಿದ್ದರೆ ಮಾಸ್ಟೆಕ್ಟಮಿಗೆ ಮುಂಚೆಯೇ ಹೇಳಿ. ಕೆಲವರಿಗೆ ಅದೇ ದಿನ ಮಾಡಬಹುದು.

ದುಡ್ಡಿನ ಕಥೆ?

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು ಭಾಗ, ವರ್ಷಕ್ಕೆ 1.5 ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ರೆಫರಲ್ ಚೀಟಿ ತೆಗೆದುಕೊಳ್ಳಿ. ನೇರ ಖಾಸಗಿ ಆಸ್ಪತ್ರೆಗೆ ಹೋಗಿ ದುಡ್ಡು ಕಟ್ಟಿ ಆಮೇಲೆ ಕೇಳಿದರೆ ಕಷ್ಟ. ರೇಷನ್ ಕಾರ್ಡ್, ಆಧಾರ್, ಬಯಾಪ್ಸಿ ರಿಪೋರ್ಟ್ ಮೂರೂ ಒಂದೇ ಕವರಿನಲ್ಲಿ ಇಡಿ. ನಾಲ್ಕು ನಾಲ್ಕು ಜೆರಾಕ್ಸ್ ಮಾಡಿಸಿ.

ಎಲ್ಲ ಮುಗಿದ ಮೇಲೂ ತೋರಿಸುತ್ತಿರಬೇಕಾ?

ಬೇಕು. ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ಡಾಕ್ಟರ್ ಕೈಯಿಂದ ಪರೀಕ್ಷೆ, ವರ್ಷಕ್ಕೊಂದು ಸಲ ಮ್ಯಾಮೊಗ್ರಾಂ. ಗಂಟು ಮಾತ್ರ ತೆಗೆಸಿದವರಿಗೆ ಎರಡಕ್ಕೂ, ಪೂರ್ತಿ ತೆಗೆಸಿದವರಿಗೆ ಉಳಿದ ಒಂದಕ್ಕೆ. ನಾವಿಬ್ಬರೂ ಒಂದೇ ದಿನ ಹೋಗುತ್ತೇವೆ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮಾರನೇ ದಿನ, ಬೆಳಿಗ್ಗೆ ಮೊದಲನೇ ಬಸ್ಸಿಗೆ.